ರಾಣಿಯವರು ಕರೆತಂದ ಮುನ್ನೂರು ಶಿಷ್ಯರು

ಪೂಜ್ಯ ನಿರ್ವಾಣಯ್ಯನವರು ಆಗ ಹಂಗರದುರ್ಗದ ಹೊರಗೆ, ಕೆರೆ ಏರಿಯ ಮೇಲೊಂದು ಹುಲ್ಲು ಗುಡಿಸಲಿನಲ್ಲಿ ವಾಸವಾಗಿದ್ದರು. ಮುತ್ತುಗದ ಎಲೆ ಹಚ್ಚುವುದು, ಹಸಿದು ಬಂದವರಿಗೆ ಅದೇ ಎಲೆಯಲ್ಲಿ ಅನ್ನ ಬಡಿಸುವುದು, ಇಷ್ಟೇ ಅವರ ಮಠದ ವೈಭವ. ದೀಕ್ಷೆ ಬೇಡಿ ಬಂದವರನ್ನು ಎದುರಿಗೆ ಕೂರಿಸಿಕೊಂಡು, “ಯಾರ ಮಾತಿಗೆ ಬಂದಿರಿ?” ಎಂದು ಕೇಳುವರು. “ನನ್ನ ಮನಸ್ಸಿಗೇ ಬಂದೆ” ಎಂದವರ ಕೊರಳಿಗೆ ಮಾತ್ರ ತುಳಸಿಮಣಿಯ ದಾರ ಕಟ್ಟುವರು. ಅರಮನೆಯವರಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅವರು ಗುರುಗಳಿಗೆ ಕಾಣಿಕೆ ಕಳುಹಿಸಿದ್ದರೇ ಹೊರತು ತಾವಾಗಿ ಎಂದೂ ಬಂದವರಲ್ಲ.

ರಾಣಿ ಸೋಮಲಾಂಬೆಯವರು ಪಟ್ಟಕ್ಕೆ ಬಂದು ಎರಡು ವರ್ಷವಾಗಿತ್ತು. ದೊರೆ ತೀರಿಕೊಂಡ ಮೇಲೆ ಆಸ್ಥಾನದಲ್ಲಿ ಎತ್ತ ನೋಡಿದರೂ ಮೀಸೆಗಳೇ. ಅವರು ಮಾತಾಡುವರು, ರಾಣಿಯವರು ಗೋಣು ಆಡಿಸುವರು. ಒಮ್ಮೆ ದಳವಾಯಿ ಬೊಪ್ಪಯ್ಯ, “ನೇಕಾರರ ಕೇರಿಯವರು ಮಗ್ಗದ ಗುಂಡಿಯಲ್ಲಿ ದೀಪವಿಟ್ಟು ಅದನ್ನೇ ದೇವರು ಅನ್ನುತ್ತಾರೆ. ಅರಮನೆಯ ಗುರುಗಳನ್ನು ಒಪ್ಪದವರು ಅರಮನೆಯನ್ನು ಒಪ್ಪಿಯಾರೆ? ಹೆಂಗಸಿನ ಆಳ್ವಿಕೆ ಸಡಿಲ ಅನ್ನಿಸಿಕೊಳ್ಳಬಾರದು ತಾಯಿ” ಎಂದರು. ಕೊನೆಯ ಮಾತು ಚುಚ್ಚಿತು. ನಿರ್ವಾಣಯ್ಯನವರಿಂದ ದೀಕ್ಷೆ ಪಡೆಯದವರು ಗಡಿ ದಾಟಬೇಕೆಂಬ ಓಲೆಗೆ ರಾಣಿಯವರು ಮುದ್ರೆ ಒತ್ತಿಬಿಟ್ಟರು.

ಮಾರ್ಗಶಿರದ ಆ ಬೆಳಿಗ್ಗೆ ಕೆರೆಯೂ ಏರಿಯೂ ಒಂದೇ ಮಂಜಿನಲ್ಲಿ ಕರಗಿಹೋಗಿದ್ದವು. ಪಲ್ಲಕ್ಕಿಯಿಂದಿಳಿದ ರಾಣಿಯವರಿಗೆ ಕಾಲು ನೆಲಕ್ಕೆ ತಾಗಿದ್ದೂ ಅರಿವಾಗಲಿಲ್ಲ. ಡೊಳ್ಳಿನ ಸದ್ದು ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ಮಂಜಿನೊಳಗಿಂದ ಮುಖಗಳು ಒಂದೊಂದಾಗಿ ಮೂಡಿ ಬಂದವು, ದೀಕ್ಷೆಗೆಂದು ಕರೆತಂದ ನೇಕಾರರ ಕೇರಿಯ ಮುನ್ನೂರು ಜನ. ಎರಡು ವರ್ಷದಿಂದ ತಾವು ಕಾಣುತ್ತಿರುವುದು ಬೇರೆ ಯಾರದೋ ಕನಸು ಎಂದು ರಾಣಿಯವರಿಗನ್ನಿಸಿತು.

ಗುರುಗಳು ಕೈಯಲ್ಲಿದ್ದ ಎಲೆಯನ್ನು ಪಕ್ಕಕ್ಕಿಟ್ಟು, ಸಾಲಿನ ಮೊದಲಿಗಿದ್ದ ಮುದುಕಿ ನಿಂಬೆಕ್ಕನನ್ನು ಕೂರಿಸಿಕೊಂಡರು.

“ಯಾರ ಮಾತಿಗೆ ಬಂದೆ ತಾಯಿ?”

“ಅರಮನೆಯೋರು ಬಾ ಅಂದ್ರು ಬುದ್ಧೀ. ಬರ್ದಿದ್ರೆ ಮಗ್ಗ ಮುರಿದು ಆಚೆಗಟ್ತೀವಿ ಅಂದ್ರು. ಬಂದ್ವಿ.”

ಗುರುಗಳು ದಾರವನ್ನು ಮುಟ್ಟಲಿಲ್ಲ. ನಿಧಾನವಾಗಿ ತಲೆಯೆತ್ತಿ ರಾಣಿಯವರನ್ನು ನೋಡಿದರು. “ನೀವು ಯಾರ ಮಾತಿಗೆ ಬಂದಿರಿ ತಾಯಿ?”

ಉತ್ತರ ಕೊಡಲು ಬಾಯಿ ತೆರೆದ ರಾಣಿಯವರು, ಅಭ್ಯಾಸಬಲದಿಂದ ಪಕ್ಕದಲ್ಲಿದ್ದ ದಳವಾಯಿಯ ಮುಖ ನೋಡಿದರು. ನೋಡಿದ್ದೇ ತಡ, ತಾವು ಮಾಡಿದ್ದೇನೆಂದು ಅವರಿಗೇ ತಿಳಿಯಿತು.

“ಹಾಗಾದರೆ ಬಲವಂತಕ್ಕೆ ಬಂದವರು ಮುನ್ನೂರಲ್ಲ, ಮುನ್ನೂರ ಒಂದು ಜನ” ಎಂದರು ಗುರುಗಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ರಾಣಿಯವರು ನಿಂಬೆಕ್ಕನ ಪಕ್ಕದಲ್ಲೇ ನೆಲದ ಮೇಲೆ ಕೂತರು.

“ನನಗೆ ದೀಕ್ಷೆ ಕೊಡಿ ಗುರುಗಳೇ.”

“ಇವತ್ತು ಬೇಡ. ಇವತ್ತು ನಿಮಗೆ ಬೇರೆ ಕೆಲಸವಿದೆ.”

ರಾಣಿಯವರು ಎದ್ದು ದಳವಾಯಿಯ ಮುಂದೆ ಕೈ ಚಾಚಿದರು. “ಓಲೆ ಕೊಡಿ.”

“ಆಸ್ಥಾನದಲ್ಲಿ ಒಮ್ಮೆ ವಿಚಾರಿಸಿ...”

“ಕೊಡಿ ಬೊಪ್ಪಯ್ಯನವರೇ.”

ಬೊಪ್ಪಯ್ಯ ಅಕ್ಕಪಕ್ಕದವರನ್ನು ನೋಡಿದರು. ಎಲ್ಲರೂ ನೆಲ ನೋಡುತ್ತಿದ್ದರು. ಓಲೆ ಕೈ ಬದಲಾಯಿತು. ರಾಣಿಯವರು ಅದನ್ನು ಉದ್ದಕ್ಕೆ ಸೀಳಿ ಕೆರೆಗೆ ಹಾಕಿದರು. “ನಿಮ್ಮ ದೇವರು ನಿಮಗಿರಲಿ. ಎಲ್ಲರೂ ಮನೆಗೆ ಹೋಗಿ” ಎಂದರು. ದನಿ ಕೊನೆಯ ಸಾಲಿನವರೆಗೂ ಕೇಳಿಸಿತು.

ನಿಂಬೆಕ್ಕ ಮೊಣಕಾಲು ಹಿಡಿದುಕೊಂಡು ಮೇಲೆದ್ದಳು. ಪಹರೆಯವರು ತಡೆಯುವ ಮೊದಲೇ ರಾಣಿಯವರ ಕೆನ್ನೆ ಸವರಿ, ತನ್ನ ಹಣೆಗೆ ಬೆರಳೊತ್ತಿ ಲಟಲಟನೆ ನೆಟಿಗೆ ಮುರಿದಳು.

“ಇವತ್ತು ನಮಗೊಬ್ಳು ರಾಣಿ ಸಿಕ್ಕಿದ್ಲು ಕಣವ್ವ” ಎಂದಳು.