ಮಲಗದ ಒಲೆ

ಶೀಗಿ ಹುಣ್ಣಿಮೆಯ ಮರುದಿನ, ಒಂದು ಮಂಗಳವಾರ, ನಾಲ್ಕನೆಯ ಇಯತ್ತೆಯ ಪಾಟಿಯನ್ನು ಶಾಲೆಯ ಕಟ್ಟೆಯ ಮೇಲೆ ಇಟ್ಟು ದ್ಯಾಮಣ್ಣ ಮೊದಲ ಸಲ ಊರು ಬಿಟ್ಟು ನಡೆದಿದ್ದ. ಇಪ್ಪತ್ತೆರಡು ವರ್ಷ ಊರೂರು ಅಲೆದ ಮೇಲೆ ಒಂದು ಮಠದ ಜಗಲಿಗೆ ಬಂದು, ಗಂಟನ್ನು ಕಂಬದ ಬುಡಕ್ಕೆ ಇಟ್ಟು, ಕೇಳಿದ:

"ಅಜ್ಜಾರ, ಮಂದಿ ಸಂಕಟ ನನಗ ಹತ್ತಿಕೊಳ್ಳದಂಗ ಬದುಕೋದು ಹೆಂಗರಿ?"

ಮಠದ ಅಜ್ಜಾರು ಶೇಂಗಾ ಸುಲಿಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

"ಯಾರ ಸಂಕಟ ಹತ್ತೇತಿ ನಿನಗ?"

ದ್ಯಾಮಣ್ಣ ಹೇಳಿದ. ಬಾವಿ ತೋಡುವುದು, ಗಾಡಿ ತುಂಬುವುದು, ಗೋಡೆ ಕಟ್ಟುವುದು, ಯಾವ ಕೆಲಸ ಸಿಕ್ಕರೆ ಅದನ್ನು ಮಾಡುವವನು ಅವನು. ಆದರೆ ಯಾವ ಊರಿಗೆ ಹೋದರೂ ಮೂರೇ ದಿನದಲ್ಲಿ ಜನ ಅವನ ಪಕ್ಕ ಬಂದು ಕೂರುತ್ತಿದ್ದರು. ಒಬ್ಬನಿಗೆ ಅಣ್ಣತಮ್ಮಂದಿರ ಜಗಳ. ಒಬ್ಬಳಿಗೆ ಕುಡುಕ ಗಂಡ. ಈಗ ಬೇಡ, ನಾಳೆ ಬಾ ಅನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ಅವರ ಜೊತೆ ಅಳುತ್ತಿದ್ದ, ಅವರಿಗಾಗಿ ಬೈಸಿಕೊಳ್ಳುತ್ತಿದ್ದ, ಊಟ ಬಿಡುತ್ತಿದ್ದ. ಆಮೇಲೆ ಒಂದು ದಿನ ಸಣ್ಣ ಮಾತಿಗೆ ಸಿಡಿದು ಊರು ಬಿಡುತ್ತಿದ್ದ. ಬಿಟ್ಟ ಮೇಲೆ, ಆ ಊರಿನವರು ಕೊಟ್ಟದ್ದು ಏನೇ ಇರಲಿ, ಒಂದು ಟವೆಲ್ಲೋ, ಚಾಕುವೋ, ಬುತ್ತಿ ಕಟ್ಟಿದ ಬಟ್ಟೆಯೋ, ದಾರಿಯಲ್ಲಿ ಎಸೆದು ಮುಂದೆ ಹೋಗುತ್ತಿದ್ದ. ಏನೂ ಉಳಿಯಬಾರದು. ಹೀಗೆ ಹನ್ನೊಂದು ಊರು ಆಗಿದ್ದವು.

ಹನ್ನೊಂದನೆಯ ಊರಿನಲ್ಲಿ ಫಕೀರವ್ವ ಎಂಬ ಮುದುಕಿ. ಅವಳ ಮಗ ಹಾಸಿಗೆ ಹಿಡಿದಿದ್ದ. ದಿನಾ ಸಂಜೆ ಬಂದು ಅದೇ ಮಾತನ್ನು ಅದೇ ಕಣ್ಣೀರಿನಲ್ಲಿ ಹೇಳುತ್ತಿದ್ದಳು. ಚಳಿಗೆ ಇರಲಿ ಎಂದು ದ್ಯಾಮಣ್ಣನಿಗೆ ಒಂದು ಕೌದಿ ಹೊಲಿದು ಕೊಟ್ಟಿದ್ದಳು. ಮೊನ್ನೆ ಅವನು ಅವಳ ಮುಖದ ಮೇಲೇ ಒದರಿದ: "ನಿನ್ನ ಗೋಳು ಸಾಕು ಮಾಡವ್ವ! ಸಾಯ್ಲಿ ಬಿಡು ನಿನ್ನ ಮಗ!"

ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ತಪ್ಪಾತೋ ಯಪ್ಪಾ. ನಿನಗೂ ದಣಿವು ಇರ್ತೈತಿ," ಅಂದಳು.

"ಆ ಮಾತು ಕೇಳಿದ್ರೂ ನನಗೇನೂ ಅನಿಸ್ಲಿಲ್ರಿ," ಎಂದ ದ್ಯಾಮಣ್ಣ. "ಅಳು ಬರ್ಲಿಲ್ಲ. ನಾಚಿಕಿನೂ ಬರ್ಲಿಲ್ಲ. ಎದಿಯೊಳಗ ಕೈ ಹಾಕಿದ್ರ ತಣ್ಣಗ ಐತಿ. ಅದಕ್ಕ ಹೆದರಿ ಬಂದೀನಿ. ಬಾಗಲಾ ತೆರದಿಟ್ರ ಸುಟ್ಟು ಹೋಗ್ತೀನಿ, ಮುಚ್ಚಿದ್ರ ಕಲ್ಲಾಗ್ತೀನಿ. ಯಾವುದು ಮಾಡ್ಲಿ?"

ಅಜ್ಜಾರು ಶೇಂಗಾ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಕತೆ ಶುರು ಮಾಡಿದರು.

ಬೆಂಕಿಪೊಟ್ಟಣ ಇಲ್ಲದ ಕಾಲ. ಹೊಳೆಯ ದಂಡೆಗೆ ಒಂದು ಊರು. ಒಂದೇ ಓಣಿ, ಹನ್ನೆರಡು ಮನೆ. ರಾತ್ರಿಯಾದರೆ ಊರಿನ ಒಲೆಗಳೆಲ್ಲ ಬೂದಿ ಹೊದ್ದು ಮಲಗುತ್ತಿದ್ದವು. ಬೆಳಗ್ಗೆ ಬೂದಿ ಸರಿಸಿದರೆ ಕೆಂಡ ಇರುತ್ತಿತ್ತು. ಯಾರದಾದರೂ ಆರಿದರೆ ಪಕ್ಕದವರಿಂದ ತರುತ್ತಿದ್ದರು.

ಓಣಿಯ ನಡುವಿನ ಮನೆಗೆ ಒಬ್ಬ ಹೆಂಗಸು ಸೊಸೆಯಾಗಿ ಬಂದಳು. ಅವಳ ಒಲೆ ಮಲಗುತ್ತಿರಲಿಲ್ಲ. ಯಾರು ಯಾವ ಹೊತ್ತಿಗೆ ಹೋದರೂ ಬೆಂಕಿ ಧಗಧಗ ಇರುತ್ತಿತ್ತು. ಸಣ್ಣ ಕೆಂಡ ಕೊಡುವುದು ಅವಮಾನ ಎಂದು ಅವಳು ಒಲೆಯ ನಡುವಿನ ದೊಡ್ಡ ಕೆಂಡವನ್ನೇ ತೆಗೆದು ಕೊಡುತ್ತಿದ್ದಳು. ಒಲೆಯಲ್ಲಿ ಬೂದಿ ಕಂಡರೆ ಅವಳಿಗೆ ನಾಚಿಕೆ. ದಿನಕ್ಕೆ ಎರಡು ಸಲ ಬಳಿದು ಹಿಂಬಾಗಿಲ ಮೂಲೆಯ ದೊಡ್ಡ ಬುಟ್ಟಿಗೆ, ಆ ಪುಟ್ಟಿಗೆ ಸುರಿಯುತ್ತಿದ್ದಳು.

ಜನ ಹೊಗಳಿದರು. ಹೊಗಳುತ್ತ ಹೊಗಳುತ್ತ ತಮ್ಮ ಒಲೆಗೆ ಬೂದಿ ಮುಚ್ಚುವುದನ್ನು ಬಿಟ್ಟರು. ಅವಳದು ಇದೆಯಲ್ಲ. ವರ್ಷಗಳು ಕಳೆದವು. ಬೂದಿ ಮುಚ್ಚುವ ರೂಢಿಯನ್ನೇ ಊರು ಮರೆಯಿತು.

ತೆರೆದು ಉರಿಯುವ ಬೆಂಕಿಗೆ ಹೊಟ್ಟೆ ದೊಡ್ಡದು. ಕಟ್ಟಿಗೆ ಹೊತ್ತು ಹೊತ್ತು ಅವಳ ನಡು ಬಾಗಿತು. ಊದಿ ಊದಿ ಕಣ್ಣು ಕೆಂಪಾದವು. ಆದರೂ ಇಲ್ಲ ಅನ್ನಲಿಲ್ಲ.

ಮಳೆ ಹಿಡಿದಿದ್ದ ಒಂದು ಮುಂಜಾನೆ ಎದುರು ಮನೆಯ ಬಸುರಿ ಮೂರನೆಯ ಸಲ ಬಂದು, "ಅಕ್ಕಾ, ಮತ್ತ ಆರೇತಿ," ಎಂದಳು. ಹೆಂಗಸಿಗೆ ಏನಾಯಿತೋ. ಇಕ್ಕುಳದಿಂದ ಕೆಂಡ ಎತ್ತಿ ಬೀಸಿ ಎಸೆದಳು. "ತಗೋ! ಎಲ್ಲಾ ತಗೋ! ನನ್ನನ್ನೂ ಒಲಿಗೆ ಹಾಕಿಕೋ!"

ಕೆಂಡ ಬಸುರಿಯ ಪಾದದ ಮೇಲೆ ಬಿತ್ತು. ಅವಳು ಕೂಗಲಿಲ್ಲ. ಕುಂಟುತ್ತ ಹೋದಳು.

ಹೆಂಗಸು ಬಾಗಿಲು ಹಾಕಿಕೊಂಡಳು. ಈ ಬೆಂಕಿಯಿಂದಲೇ ಇಷ್ಟೆಲ್ಲ ಆದದ್ದು ಎಂದು ಮೂಲೆಯ ಪುಟ್ಟಿಯನ್ನು ಎಳೆದು ತಂದು, ಅದರಲ್ಲಿದ್ದ ಬೂದಿಯಷ್ಟನ್ನೂ ಒಲೆಯ ಮೇಲೆ ಸುರಿದಳು. "ಸಾಯಿ," ಎಂದಳು. ಬೆಂಕಿ ಕಾಣದಾಯಿತು. ಹೊಗೆಯೂ ನಿಂತಿತು.

ಆ ಹಗಲು, ಆ ರಾತ್ರಿ, ಮರುದಿನದ ಹಗಲು ಅವಳು ಬಾಗಿಲು ತೆಗೆಯಲಿಲ್ಲ. ನೆನೆಸಿದ ಅವಲಕ್ಕಿ ತಿಂದು ಗೋಡೆಗೆ ಮುಖ ಮಾಡಿ ಮಲಗಿದಳು. ಕೆಂಡಕ್ಕೆ ಬಂದವರು ಬಾಗಿಲು ಬಡಿದು ಬಡಿದು ಸುಮ್ಮನಾದರು. ಮೊದಲು ಅವಳಿಗೆ ಹಾಯೆನಿಸಿತು. ಆಮೇಲೆ ಏನೂ ಅನಿಸಲಿಲ್ಲ.

ಎರಡನೆಯ ದಿನ ಹೊತ್ತು ಇಳಿಯುವಾಗ ಎದುರು ಮನೆಯವಳು ಹೆತ್ತಳು. ಇನ್ನೂ ತಿಂಗಳು ತುಂಬಿರಲಿಲ್ಲ. ಕೂಸು ಒಮ್ಮೆ ಕುಂಯ್ ಎಂದು ಸುಮ್ಮನಾಯಿತು. ಮೈ ತಣ್ಣಗಾಗುತ್ತ ಬಂತು. ಸೂಲಗಿತ್ತಿ ಬೆಂಕಿ ತನ್ನಿ ಎಂದಳು. ಹನ್ನೊಂದು ಮನೆಯಲ್ಲಿ ಒಂದು ಕಿಡಿಯೂ ಇರಲಿಲ್ಲ. ಚಕಮಕಿ ಕಲ್ಲಿನ ಹತ್ತಿ ತೊಯ್ದು ಹೋಗಿತ್ತು. ಹೊಳೆ ತುಂಬಿ ಆಚೆ ದಂಡೆಯ ಊರಿಗೆ ದಾರಿ ಇರಲಿಲ್ಲ. ಸೂಲಗಿತ್ತಿ ತಾನೇ ಬಂದು ನಡುಮನೆಯ ಬಾಗಿಲು ಗುದ್ದಿದಳು.

"ಬೆಂಕಿ ಕೊಡವ್ವಾ!"

"ಇಲ್ಲ. ಸತ್ತೈತಿ."

"ಕೂಸು ತಣ್ಣಗಾಗಾಕತ್ತೈತಿ. ಒಂದು ಕಿಡಿ ಇದ್ರೂ ಸಾಕು."

"ನಾ ಹೇಳಿದ್ದು ಸುಳ್ಳನಿಸಿದ್ರ ಬಂದು ನೋಡು," ಎಂದು ಹೆಂಗಸು ಬಾಗಿಲು ತೆಗೆದಳು. ಸೂಲಗಿತ್ತಿಯ ಕಣ್ಣೆದುರೇ ಬೂದಿಯ ಗುಡ್ಡೆಯೊಳಗೆ ಕೈ ತೂರಿಸಿದಳು.

ಮೇಲಿನ ಬೂದಿ ತಣ್ಣಗಿತ್ತು. ಅದರ ಕೆಳಗಿನದೂ ತಣ್ಣಗಿತ್ತು. ಮೊಣಕೈ ತನಕ ಹೋದಾಗ ಬೆಚ್ಚಗಾಯಿತು. ಆಮೇಲೆ ಬೆರಳು ಚುರ್ರೆಂದಿತು.

ಕೈ ಎಳೆದುಕೊಂಡಳು. ಸುಟ್ಟ ಬೆರಳನ್ನು ನೋಡಿದಳು. ಎರಡೂ ಕೈಯಿಂದ ಮೆಲ್ಲಗೆ ಬೂದಿ ಸರಿಸಿದಳು. ತೆರೆದ ಒಲೆಯಲ್ಲಿ ಅರ್ಧ ದಿನಕ್ಕೆ ತೀರಿಹೋಗುವ ಜಾಲಿಯ ಬೊಡ್ಡೆ, ಎರಡು ಹಗಲು ಒಂದು ರಾತ್ರಿ ಕಳೆದರೂ, ಅಲ್ಲಿ ಕೆಂಪಗೆ ಕೂತಿತ್ತು. ಕೊಲ್ಲಲು ಸುರಿದ ಬೂದಿಯೇ ಬೆಂಕಿಯನ್ನು ಕಾಪಾಡಿತ್ತು.

ಸೂಲಗಿತ್ತಿ ತೊಯ್ದ ತಲೆಯ ಮೇಲೆ ಸೆರಗು ಎಳೆದುಕೊಂಡು ಒಲೆಗೆ ಕೈ ಮುಗಿದಳು.

ಆ ಕೆಂಪು ಕಂಡದ್ದೇ ಹೆಂಗಸಿಗೆ ಎದುರು ಮನೆಯವಳ ಪಾದ ನೆನಪಾಯಿತು. ಎರಡು ದಿನದಲ್ಲಿ ಮೊದಲ ಸಲ ಅತ್ತಳು. ಅಳುತ್ತಲೇ ಕೆಂಡವನ್ನು ಒಡೆದ ಗಡಿಗೆಯ ಓಡಿನಲ್ಲಿ ಹಾಕಿಕೊಂಡು, ಮೇಲೆ ಒಂದು ಹಿಡಿ ಬೂದಿ ಉದುರಿಸಿ, ಸೆರಗು ಮರೆ ಹಿಡಿದು ಮಳೆಯಲ್ಲಿ ಓಣಿ ದಾಟಿದಳು. ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು. ಊರಿಗೆ ಊರೇ ಮಳೆಯಲ್ಲಿ ನಿಂತು ಆ ಅಳು ಕೇಳಿತು.

ಅಂದಿನಿಂದ ಅವಳ ಒಲೆಯೂ ಬೂದಿ ಹೊದ್ದು ಮಲಗಿತು. ದೀಪ ಹಚ್ಚಿದ ಮೇಲೆ, ಹೆರಿಗೆ ಸಾವು ಬಿಟ್ಟು, ಯಾರಿಗೂ ಕೆಂಡ ಕೊಡಲಿಲ್ಲ. ಕೊಡುವಾಗ ಅಂಚಿನದನ್ನು ಕೊಟ್ಟಳು, ನಡುವಿನದನ್ನು ಮುಟ್ಟಲಿಲ್ಲ. ಮೂಲೆಮನೆಯವಳು ಮೂಗು ಮುರಿದಳು: "ಏನಕ್ಕಾ, ಇಲಿ ಕಣ್ಣಷ್ಟು ಕೊಡ್ತಿ? ಕೈ ಗಿಡ್ಡ ಆತೇನು?"

"ಕೆಂಡ ನಂದು, ಊದೋದು ನಿಂದು," ಎಂದು ಅವಳು ನಕ್ಕಳು.

ಮೂಲೆಮನೆಯವಳು ಗೊಣಗುತ್ತ, ಊದುತ್ತ ಹೋದಳು. ಆ ಮಳೆಗಾಲ ಮುಗಿಯುವುದರೊಳಗೆ ಹನ್ನೆರಡು ಒಲೆಗಳಲ್ಲೂ ಬೂದಿ ಕಂಡಿತು.

ಇಷ್ಟು ಹೇಳಿ ಅಜ್ಜಾರು ಬುಟ್ಟಿಯನ್ನು ಮತ್ತೆ ಹತ್ತಿರ ಎಳೆದುಕೊಂಡರು.

ದ್ಯಾಮಣ್ಣ ಆ ಬೂದಿಯೊಳಗೆ ತನ್ನದೇ ಕೈ ಹೋಗಿ ಬಂದ ಹಾಗೆ ಬೆರಳು ನೋಡಿಕೊಂಡ. ಎದೆ ತಣ್ಣಗಿದೆ ಎಂದು ಹೆದರಿ ಬಂದಿದ್ದ ಅವನು. ತಾನು ಮುಟ್ಟಿ ನೋಡಿದ್ದು ಬರೀ ಮೇಲಿನದನ್ನೋ ಏನೋ. ಆದರೂ ಒಂದು ಮಾತು ಬಗೆಹರಿದಿರಲಿಲ್ಲ.

"ಆಕಿಗೆ ಪುಟ್ಟಿ ತುಂಬ ಬೂದಿ ಇತ್ರಿ ಅಜ್ಜಾರ," ಎಂದ. "ನಾ ಎಲ್ಲಿಂದ ತರ್ಲಿ?"

"ಇಪ್ಪತ್ತೆರಡು ವರ್ಷ ಉರಿದೀಯಲ್ಲೋ ತಮ್ಮಾ, ಆ ಬೂದಿಯೆಲ್ಲ ಎಲ್ಲಿ ಚೆಲ್ಲಿ ಬಂದಿ?"

ದ್ಯಾಮಣ್ಣನಿಗೆ ದಾರಿದಾರಿಯಲ್ಲಿ ಎಸೆದು ಬಂದ ಟವೆಲ್ಲು, ಚಾಕು, ಬುತ್ತಿಯ ಬಟ್ಟೆ ನೆನಪಾದವು. ಎದ್ದು ಹೋಗಿ ಕಂಬದ ಬುಡದ ಗಂಟು ಬಿಚ್ಚಿದ. ದಾರಿಯಲ್ಲಿ ಎಸೆಯಬೇಕೆಂದು ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡಿದ್ದ ಫಕೀರವ್ವನ ಕೌದಿ ಕೈಗೆ ಬಂತು. ಅದನ್ನು ಕೊಡವದೆಯೇ ನಾಲ್ಕು ಮಡಿಕೆ ಮಾಡಿ, ತಂಬಿಗೆಯ ಕೆಳಗೆ, ಗಂಟಿನ ತಳಕ್ಕೆ ಇಟ್ಟು, ಹನ್ನೊಂದನೆಯ ಊರಿನ ದಿಕ್ಕಿಗೆ ಮುಖ ಮಾಡಿ ಗಂಟು ಕಟ್ಟತೊಡಗಿದ.