ಹಡಗಿನ ತವರ

“ಗುರುಗಳೇ, ನಿನ್ನೆ ದೂರದ ಸೀಮೆಯಿಂದ ಬಂದವನನ್ನು ಇಂದೇ ನಮ್ಮ ಪಂಕ್ತಿಯಲ್ಲಿ ಕೂರಿಸಿದಿರಿ. ಹೊರಗಿನವನು ನಮ್ಮವನಾಗುವುದುಂಟೇ?” ಎಂದು ಹೊಳೆದಂಡೆಯ ಮಠದಲ್ಲಿ ಒಬ್ಬ ಶಿಷ್ಯ ಕೇಳಿದ.

ಮೊದಲು ಕೂತುಕೋ, ಸಿಟ್ಟು ತಣ್ಣಗಾಗಲಿ ಎಂದು ಹೇಳಿ ಗುರುಗಳು ಕತೆ ತೆಗೆದರು.

ಒಂದೂರಿನಲ್ಲಿ ಒಬ್ಬ ಕಂಚುಗಾರನಿದ್ದ. ಅವನ ಅಪ್ಪ ಎರಕ ಹೊಯ್ದ ಗಂಟೆ ಊರ ಗುಡಿಯಲ್ಲಿತ್ತು. ಸಂಜೆ ಅದು ಮೊಳಗಿದರೆ ಅಡವಿಯಂಚಿನ ದನಗಳು ಮನೆಯತ್ತ ತಿರುಗುತ್ತಿದ್ದವು. ಮಗ ಚಿಕ್ಕವನಿದ್ದಾಗ ಅಪ್ಪ ಅವನನ್ನು ಎತ್ತಿಕೊಂಡು, ಕೆನ್ನೆಯನ್ನು ಗಂಟೆಯ ಅಂಚಿಗೆ ತಾಗಿಸಿ, ನಾದ ಇಳಿಯುವವರೆಗೂ ಹಿಡಿದಿರುತ್ತಿದ್ದ. ಅಪ್ಪ ಹೋಗಿ ಎಷ್ಟೋ ಕಾಲವಾಗಿತ್ತು. ಆ ನಡುಕ ಮಾತ್ರ ಮಗನ ಕೆನ್ನೆಯಲ್ಲಿ ಹಾಗೆಯೇ ಉಳಿದಿತ್ತು.

ಒಂದು ದಿನ ಗಂಟೆ ಬಿರುಕು ಬಿಟ್ಟಿತು. ಕರಗಿಸಿ ಮತ್ತೆ ಹೊಯ್ದುಕೊಡು, ದನಿ ಮಾತ್ರ ಮೊದಲಿನದೇ ಬರಬೇಕು ಎಂದರು ಊರವರು. ಬಾರದಿದ್ದರೆ ಬೇರೆ ಊರಿನವನನ್ನು ಕರೆಸುತ್ತೇವೆ ಎಂದೂ ಹೇಳಿದರು.

ಹಳೆಯ ಕಂಚನ್ನು ಕರಗಿಸಿದಾಗ ಅದರೊಳಗಿನ ತವರ ಒಂದಿಷ್ಟು ಸುಟ್ಟುಹೋಗುತ್ತದೆ. ಹೊಸದಾಗಿ ಸೇರಿಸದಿದ್ದರೆ ದನಿಯಿಲ್ಲ. ಅವರ ಮನೆಯಲ್ಲಿ ತವರ ಹಾಕುವುದು ಹಿರಿಯ ಹೆಂಗಸಿನ ಕೆಲಸ. ಈಗ ಅದು ಕಂಚುಗಾರನ ತಾಯಿಯದಾಗಿತ್ತು. ಅಟ್ಟದ ಪೆಟ್ಟಿಗೆಯಿಂದ ಸೆರಗಿನಲ್ಲಿ ಕಟ್ಟಿ ತಂದು, ಕಣ್ಣಳತೆಯಲ್ಲಿ ಕಂಚು ಕರಗುವ ಮೂಸೆಗೆ ಹಾಕುತ್ತಿದ್ದಳು. ಎಲ್ಲಿಂದ ಬಂತೆಂದು ಮಗ ಎಂದೂ ಕೇಳಿರಲಿಲ್ಲ. ಅದು ಮನೆಯ ತವರ, ಅಷ್ಟೆ.

ಈ ಸಲ ಪೆಟ್ಟಿಗೆಯ ತಳ ಕಂಡಿತ್ತು. ಬಂದರಿನ ವ್ಯಾಪಾರಿಯೊಬ್ಬ ಹಡಗಿನಲ್ಲಿ ಬಂದ ತವರ ತೋರಿಸಿದ. ಪರದೇಶದ ಲೋಹಕ್ಕೆ ನನ್ನಪ್ಪನ ದನಿ ಬಂದೀತೇ ಎಂದು ಕಂಚುಗಾರ ಮುಟ್ಟಲಿಲ್ಲ. ಸಾಲದು ಎಂದ ತಾಯಿಯ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ, ಪೆಟ್ಟಿಗೆಯ ಚೂರುಪಾರಿನಲ್ಲೇ ಎರಕ ಮುಗಿಸಿದ. ಬಡಿದರೆ ಒಡಕು ಮಡಕೆಯ ಸದ್ದು! ಮಹಾರಾಯ ಅಚ್ಚಿನ ಮಣ್ಣನ್ನು ಬೈದ, ಮೂಸೆಯನ್ನು ಬೈದ, ಬೀಸುವ ಗಾಳಿಯನ್ನೂ ಬಿಡಲಿಲ್ಲ. ಕೊನೆಗೆ ಅಪ್ಪನ ದನಿಯನ್ನು ನಾನೇ ಕಳೆದೆ ಎಂದು ಕುಲುಮೆಯ ಮುಂದೆ ಕೂತು ಅತ್ತ.

ತಾಯಿ ಬಂದು ಪಕ್ಕದಲ್ಲಿ ಕೂತಳು.

“ಮಗಾ, ಈ ಪೆಟ್ಟಿಗೆಯ ತವರ ನಮ್ಮ ಹಿತ್ತಲಲ್ಲಿ ಬೆಳೆಯಿತೆಂದುಕೊಂಡೆಯಾ? ನಿನ್ನಜ್ಜನ ಕಾಲಕ್ಕೆ ಮೂಡಣ ದ್ವೀಪಗಳಿಂದ ಬರುತ್ತಿತ್ತು. ಆ ದಾರಿ ನಿಂತ ಮೇಲೆ ಪಡುವಣದಿಂದ ಬಂತು. ಈ ಗಂಟೆಯ ತವರಕ್ಕಾಗಿ ನಿನ್ನಪ್ಪ ಬಂದರಿನಲ್ಲಿ ಹಡಗು ಕಾಯುತ್ತ ಕೂತಿದ್ದರು. ನೀನಾಗ ನನ್ನ ಹೊಟ್ಟೆಯಲ್ಲಿದ್ದೆ.”

ಕಂಚುಗಾರ ಕಣ್ಣೊರೆಸಿಕೊಂಡು ಬಂದರಿಗೆ ಹೋಗಿ ತವರ ತಂದ, ಗಂಟೆಯನ್ನು ಮತ್ತೆ ಕರಗಿಸಿದ. ಹಡಗಿನ ತವರವನ್ನು ತಾಯಿಯೇ ಸೆರಗಿನಿಂದ ಬಿಚ್ಚಿ ಮೂಸೆಗೆ ಹಾಕಿದಳು. ಎರಕ ಆರಿದ ಮೇಲೆ ಅವನು ಗಂಟೆ ಬಾರಿಸಿ, ಅಂಚಿಗೆ ಕೆನ್ನೆಯಿಟ್ಟು ನಿಂತ. ಅದೇ ನಡುಕ. ಅಡವಿಯಂಚಿನಲ್ಲಿ ದನಗಳು ಮನೆಯತ್ತ ತಿರುಗಿದವು.

ಗುರುಗಳು ಕತೆ ಮುಗಿಸಿದರು. ಲೋಹದ ಮಾತು ಸರಿ, ಮನುಷ್ಯರ ಮಾತೇ ಬೇರೆ ಎಂದು ಶಿಷ್ಯ ಗೊಣಗಿದ.

“ಅದಿರಲಿ ಮಗು,” ಎಂದರು ಗುರುಗಳು, “ನೀನು ದೋಣಿಯಿಂದ ಇಳಿದು ಇಲ್ಲಿಗೆ ಬಂದ ದಿನ, ನಾನು ನಿನ್ನನ್ನು ಎಲ್ಲಿ ಕೂರಿಸಿದೆ?”