ಶಾಮಿಯಾನದವನ ಅನುಮಾನ

“ಅಜ್ಜಾರ, ಎರಡು ವರ್ಷ ಕಲ್ತು, ಕೈಯಾಗ ಒಂದು ಸರ್ಟಿಫಿಕೇಟ್ ಹಿಡ್ಕೊಂಡು ಬಂದ್ರ ಬಲ್ಬೇನು ಹೆಚ್ಚಿಗಿ ಬೆಳಗ್ತದೇನ್ರಿ?”

ಮಠದ ಜಗಲಿಯಲ್ಲಿ ಕುಳಿತು ಗುರುಗಳನ್ನು ಹೀಗೆ ಕೇಳಿದವನು ಫಕ್ಕೀರೇಶ. ವೈರಿಂಗ್ ಮೇಸ್ತ್ರಿಯೊಬ್ಬನ ಕೈಕೆಳಗೆ ಆರು ವರ್ಷದಿಂದ ದುಡಿಯುತ್ತಿದ್ದ. ಎಲೆಕ್ಟ್ರಿಷಿಯನ್ ತರಬೇತಿಗೆ ಸೇರಲು ಮರುದಿನವೇ ಕೊನೆಯ ದಿನ. ಸೇರಲೇಬೇಕೆಂದು ಹೆಂಡತಿ ಪಟ್ಟು ಹಿಡಿದಿದ್ದಳು. ಅವನಿಗೆ ಮಾತ್ರ ಅದರಲ್ಲೇನೋ ಮಸಲತ್ತು ಕಾಣುತ್ತಿತ್ತು. ಫೀಸು ಈಗಲೇ ಕಟ್ಟಬೇಕು, ಎರಡು ವರ್ಷದ ಕೂಲಿ ಕೈಬಿಡಬೇಕು. ಮುಂದೆ ಬರುವ ಸಂಬಳ ಮಾತ್ರ ತರಬೇತಿ ಕೇಂದ್ರದವರ ಬಣ್ಣದ ಕಾಗದದಲ್ಲಿತ್ತು.

“ಇದು ಮಂದಿಗಿ ಟೋಪಿ ಹಾಕೋ ದಂಧೆ ಅಂತ ನನಗನಸ್ತದ್ರಿ,” ಎಂದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಶಾಮಿಯಾನದ ವ್ಯಾಪಾರಿ ಇದ್ದ. ಮದುವೆಗಳಿಗೆ ಪೆಂಡಾಲು ಹಾಕಿಸಿ, ದೀಪದ ಸರ ಕಟ್ಟಿಸುತ್ತಿದ್ದ. ಯಾರನ್ನೂ ಸುಲಭಕ್ಕೆ ನಂಬುವ ಆಸಾಮಿಯಲ್ಲ. ಬಾಡಿಗೆಗೆ ಹೋದ ಕುರ್ಚಿಗಳು ತಿರುಗಿ ಬಂದರೆ ಒಂದೊಂದರ ಮೇಲೂ ತಾನೇ ಕೂತು ನೋಡುವನು. ಯಾರಾದರೂ ದಾರಿಯಲ್ಲಿ ನಿಲ್ಲಿಸಿ ಕ್ಷೇಮ ವಿಚಾರಿಸಿದರೆ, ಇವನಿಗೆ ನನ್ನಿಂದ ಏನು ಬೇಕಾಗಿದೆಯೋ ಎಂದು ಮನೆ ಮುಟ್ಟುವವರೆಗೂ ಯೋಚಿಸುವನು. ಈ ಗುಣ ಅವನನ್ನು ಕಾಪಾಡಿತ್ತು. ವ್ಯಾಪಾರದಲ್ಲಿ ಒಮ್ಮೆಯೂ ಹಳ್ಳಕ್ಕೆ ಬಿದ್ದಿರಲಿಲ್ಲ.

ದೀಪದ ಕೆಲಸವೆಲ್ಲ ಅವನ ತಮ್ಮನದು. ನೋಡಿ ನೋಡಿಯೇ ಕಲಿತವನು, ಕೈ ಚುರುಕು. ಒಂದು ದಿನ ಈ ತಮ್ಮ, ತರಬೇತಿಗೆ ಸೇರಿ ಸರ್ಟಿಫಿಕೇಟ್ ಪಡೆಯುತ್ತೇನೆ ಎಂದ. ಅಣ್ಣನಿಗೆ ತಮ್ಮನೆಂದರೆ ಜೀವ. ಅದಕ್ಕೇ ಅನುಮಾನ ಇನ್ನೂ ಹೆಚ್ಚಾಯಿತು. ಯಾರೋ ಇವನ ತಲೆ ಕೆಡಿಸಿದ್ದಾರೆ ಎಂದುಕೊಂಡು, ಯಾರಿಗೂ ಹೇಳದೆ ಆ ತರಬೇತಿ ಕೇಂದ್ರವನ್ನು ನೋಡಲು ಹೋದ.

ಬಾಗಿಲಲ್ಲೇ ಒಂದು ಅಂಗಡಿಯಿತ್ತು. ಸಮವಸ್ತ್ರ, ಟೆಸ್ಟರ್, ಇಕ್ಕಳ ಎಲ್ಲವನ್ನೂ ಅಲ್ಲೇ ಕೊಳ್ಳಬೇಕು. ಬೆಲೆ ಪೇಟೆಗಿಂತ ಜಾಸ್ತಿ. ಗೋಡೆಯ ಮೇಲೆ ಸಂಬಳದ ಅಂಕಿ ದಪ್ಪಕ್ಷರದಲ್ಲಿತ್ತು. ಅಷ್ಟು ಸಂಬಳ ಎಷ್ಟು ಮಂದಿಗೆ ಸಿಕ್ಕಿದೆಯೆಂದು ಎಲ್ಲೂ ಬರೆದಿರಲಿಲ್ಲ. ವ್ಯಾಪಾರಿ ಒಳಗೊಳಗೇ ನಕ್ಕ. ಅಲ್ಲಿಯವರೆಗೆ ಅವನ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ.

ಆಮೇಲೆ ಕಿಟಕಿಯಲ್ಲಿ ಇಣುಕಿದ. ಮೇಷ್ಟರು ಪಾಠ ಮಾಡುತ್ತಿದ್ದರು. ಒಬ್ಬೊಬ್ಬನೇ ವಿದ್ಯಾರ್ಥಿ ಎದ್ದು ಬಂದು ಟೆಸ್ಟರನ್ನು ಕರೆಂಟಿದ್ದ ಗೋಡೆಯ ಪ್ಲಗ್ಗಿಗೆ ಚುಚ್ಚುತ್ತಿದ್ದ, ಅದರ ದೀಪ ಉರಿಯುತ್ತಿತ್ತು. ನಂತರ ಮೇಜಿನ ಮೇಲಿನ ತಂತಿಗೆ ಹಚ್ಚುತ್ತಿದ್ದ, ಅದು ಉರಿಯುತ್ತಿರಲಿಲ್ಲ. ಮತ್ತೆ ಗೋಡೆಯ ಪ್ಲಗ್ಗಿಗೇ ಹೋಗಿ ಚುಚ್ಚುತ್ತಿದ್ದ. ಅರ್ಧ ಗಂಟೆಯಾದರೂ ತಂತಿಯನ್ನು ಕೈಯಿಂದ ಮುಟ್ಟಿದವರು ಒಬ್ಬರೂ ಇಲ್ಲ. ವ್ಯಾಪಾರಿಗೆ ತಡೆಯಲಾಗಲಿಲ್ಲ.

“ಏನ್ರೀ ಮೇಷ್ಟ್ರ, ಒಂದ ಕೆಲಸಾನ ಮೂರ್ ಮೂರ್ ಸಲ ಮಾಡ್ಸಿದ್ರ ಎರಡು ವರ್ಷ ಹಿಡೀದ ಏನಾಗ್ತದ?”

ಮೇಷ್ಟರು ಸಿಟ್ಟಾಗಲಿಲ್ಲ. “ತಂತಿಯೊಳಗ ಕರೆಂಟ್ ಇರದಿದ್ರೂ ಟೆಸ್ಟರ್ ಉರಿಯಂಗಿಲ್ಲ. ಟೆಸ್ಟರ ಕೆಟ್ಟಿದ್ರೂ ಉರಿಯಂಗಿಲ್ಲ. ಯಾವ್ದು ಅಂತ ತಿಳ್ಕೊಂಡು ಮುಟ್ಟಬೇಕಲ್ರಿ?”

ವ್ಯಾಪಾರಿಗೆ ಬಾಗಿಲಿನ ಅಂಗಡಿ ಕಣ್ಣ ಮುಂದೆ ಬಂತು. ಕೈಯಲ್ಲಿರುವ ಟೆಸ್ಟರಿನ ಮೇಲೆ ಅನುಮಾನ ಹುಟ್ಟಿಸಿದರೆ ಹೊಸದನ್ನು ಮಾರಬಹುದಲ್ಲ! ಇವರ ಬೇಳೆ ನನ್ನ ಹತ್ತಿರ ಬೇಯುವುದಿಲ್ಲ ಎಂದುಕೊಂಡು ಹೊರಟು ಬಂದ. ಅಲ್ಲಿ ಕಲಿಯುವಂಥದ್ದು ಏನೂ ಇಲ್ಲವೆಂದು ತಮ್ಮನಿಗೆ ಹೇಳಿದ. ತಮ್ಮ ಅಣ್ಣನ ಮಾತು ಮೀರುವವನಲ್ಲ, ತರಬೇತಿಯ ಆಸೆ ಬಿಟ್ಟ.

ಒಂದು ವರ್ಷ ವ್ಯಾಪಾರ ಚೆನ್ನಾಗಿಯೇ ನಡೆಯಿತು. ಅಷ್ಟೂ ದಿನ ವ್ಯಾಪಾರಿ ಸಿಕ್ಕವರಿಗೆಲ್ಲ ತಾನು ಆ ಕೇಂದ್ರದವರ ಹೊಟ್ಟೆಯೊಳಗಿನ ಗುಟ್ಟು ತಿಳಿದು ಬಂದದ್ದನ್ನು ಹೇಳಿ ನಗಿಸುತ್ತಿದ್ದ.

ಆಮೇಲೆ ಒಂದು ಮದುವೆಯ ಬೆಳಿಗ್ಗೆ ಪೆಂಡಾಲಿನ ಒಂದು ಸಾಲು ದೀಪ ಆರಿತು. ಬೀಗರು ಬರುವ ಹೊತ್ತು. ತಮ್ಮ ಏಣಿ ಹತ್ತಿದ. ವ್ಯಾಪಾರಿ ಆ ಸಾಲಿನ ಸ್ವಿಚ್ಚನ್ನು ತಾನೇ ಆರಿಸಿದ. ಮದುವೆ ಮನೆಯವರನ್ನು ನಂಬುವುದುಂಟೆ? ಯಾರೂ ಹಾಕದಂತೆ ಸ್ವಿಚ್ಚಿನ ಮೇಲೆ ಟೇಪು ಸುತ್ತಿದ. ಅಷ್ಟಕ್ಕೂ ಸಮಾಧಾನವಾಗದೆ ತನ್ನ ಜೇಬಿನಿಂದ ಟೆಸ್ಟರ್ ತೆಗೆದು ತಂತಿಗೆ ಹಚ್ಚಿ ನೋಡಿದ. ಉರಿಯಲಿಲ್ಲ.

“ಕರೆಂಟಿಲ್ಲ, ಹಿಡಿ,” ಎಂದ.

ತಮ್ಮ ಹಿಡಿದ. ಏಣಿಯ ಮೇಲಿಂದ ಕೆಳಗೆ ಬಿದ್ದ. ಜೀವ ಉಳಿಯಿತು, ಬೆನ್ನುಮೂಳೆ ಉಳಿಯಲಿಲ್ಲ. ಆಮೇಲೆ ಅವನು ಎದ್ದು ನಿಂತದ್ದನ್ನು ಯಾರೂ ಕಾಣಲಿಲ್ಲ.

ಸರ ಕಟ್ಟುವಾಗ ಎರಡು ತಂತಿ ಅದಲುಬದಲಾಗಿದ್ದವು. ಸ್ವಿಚ್ಚು ಆರಿದರೂ ಕರೆಂಟು ಹಾಗೇ ಉಳಿದಿತ್ತು. ವ್ಯಾಪಾರಿಗೆ ಇದು ಗೊತ್ತಾಗಲಿಲ್ಲ. ಅವನು ಮದುವೆ ಮನೆಯವರ ಮೇಲೆ ಹರಿಹಾಯ್ದ. ಜನರೇಟರಿನವನ ಕೊರಳಪಟ್ಟಿ ಹಿಡಿದ. ಎದುರಿನ ಶಾಮಿಯಾನದವನು ಹೊಟ್ಟೆಕಿಚ್ಚಿಗೆ ಏನೋ ಮಾಡಿಸಿದ್ದಾನೆಂದು ಊರೆಲ್ಲ ಹೇಳಿಕೊಂಡು ಬಂದ.

ಮೂರನೆಯ ದಿನ ಆಸ್ಪತ್ರೆಯಲ್ಲಿ ತಮ್ಮನ ಮಂಚದ ಪಕ್ಕ ಕೂತಿದ್ದ. ಮೇಜಿನ ಮೇಲೆ ಫ್ಯಾನು ತಿರುಗುತ್ತಿತ್ತು. ಜೇಬಿನಲ್ಲಿ ಟೆಸ್ಟರ್ ಇತ್ತು. ಯಾಕೋ ಮೇಷ್ಟರ ಮಾತು ನೆನಪಾಯಿತು. ಎದ್ದು ಫ್ಯಾನಿನ ವೈರು ಕಿತ್ತು, ಅದೇ ಪ್ಲಗ್ಗಿಗೆ ಟೆಸ್ಟರ್ ಚುಚ್ಚಿದ. ಉರಿಯಲಿಲ್ಲ. ವೈರನ್ನು ಮತ್ತೆ ಸಿಕ್ಕಿಸಿದ. ಫ್ಯಾನು ತಿರುಗಿತು. ಮತ್ತೆ ಕಿತ್ತು ಮತ್ತೆ ಚುಚ್ಚಿದ.

“ಯಾಕಣ್ಣ, ಸೆಕಿ ಆಗ್ತದ, ಫ್ಯಾನ್ ಹಚ್ಚು,” ಎಂದ ತಮ್ಮ.

ವ್ಯಾಪಾರಿ ಫ್ಯಾನು ಹಚ್ಚಿ, ಹೊರಗೆ ಬಂದು, ಗೋಡೆಗೆ ಹಣೆಯಿಟ್ಟು ಅತ್ತ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು.

ಫಕ್ಕೀರೇಶನಿಗೆ ಆ ತಮ್ಮನ ಬಗ್ಗೆ ಮರುಕ ಹುಟ್ಟಿತು. ಹಿಂದೆಯೇ ಇನ್ನೊಂದು ಯೋಚನೆ ಸುಳಿಯಿತು: ತರಬೇತಿ ಕೇಂದ್ರದವರು ಅಜ್ಜಾರಿಗೂ ಏನಾದರೂ ಹೇಳಿ ಹೋಗಿದ್ದಾರೋ? ಅದಕ್ಕೆ ತನಗೇ ನಾಚಿಕೆಯಾಯಿತು. ಆದರೂ ಕೇಳದೆ ಇರಲಾಗಲಿಲ್ಲ.

“ಆದ್ರೂ ಅಜ್ಜಾರ, ನಮ್ಮೂರ ಕೇಂದ್ರದವ್ರು ಖರೇನ ಮೋಸಗಾರ್ರು ಇರಬಹುದಲ್ರಿ?”

“ಇರಬಹುದಪ್ಪಾ,” ಎಂದರು ಗುರುಗಳು, “ಆದ್ರ ಅವರಿಗಿ ಹಚ್ಚೋ ಮೊದ್ಲ ನಿನ್ನ ಅನುಮಾನಾನ ಎಲ್ಲಿ ಹಚ್ಚಿ ನೋಡಿದ್ದಿ?”